ಗಡಿ ಊರಿನ ಪಾದ್ರಿ ಯಾಕೆ ಹೊರಡುವುದಿಲ್ಲ? ಲೆಬನಾನಿನ ಮಾರೋನೈಟ್ ಹಳ್ಳಿಗಳಲ್ಲಿ ಯುದ್ಧಕಾಲ

ದಕ್ಷಿಣ ಲೆಬನಾನಿನಲ್ಲಿ ಯುದ್ಧ ಶುರುವಾದಾಗಲೆಲ್ಲ ಸುದ್ದಿಯ ಒಂದು ಮೂಲೆಯಲ್ಲಿ ಒಂದೇ ಬಗೆಯ ಸಾಲು ಕಾಣಿಸುತ್ತದೆ. ಸುತ್ತಲಿನ ಊರುಗಳೆಲ್ಲ ಖಾಲಿಯಾಗಿವೆ, ಆದರೆ ಇಂಥ ಕ್ರೈಸ್ತ ಹಳ್ಳಿಯಲ್ಲಿ ಪಾದ್ರಿ ಮತ್ತು ಒಂದಷ್ಟು ಕುಟುಂಬಗಳು ಇನ್ನೂ ಉಳಿದಿವೆ ಅಂತ. ರಮೈಶ್, ಐನ್ ಎಬೆಲ್, ದೆಬೆಲ್, ಕ್ಲೈಯಾ, ಹೀಗೆ ನಾಲ್ಕೈದು ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಎಲ್ಲವೂ ಇಸ್ರೇಲಿನ ಗಡಿಗೆ ಅಂಟಿಕೊಂಡ ಊರುಗಳು. ರಮೈಶ್‌ನಿಂದ ಗಡಿಗೆ ಹೆಚ್ಚೆಂದರೆ ಎರಡು ಕಿಲೋಮೀಟರ್.

ಓದಿದವರು ಒಂದೋ ‘ಎಂಥಾ ಧೈರ್ಯ’ ಅಂತಾರೆ, ಇಲ್ಲಾ ‘ಎಂಥಾ ಹಟ’ ಅಂತಾರೆ. ನನ್ನ ಮಟ್ಟಿಗೆ ಎರಡೂ ಉತ್ತರ ಸಾಲದು. ಆ ಪಾದ್ರಿ ಅಲ್ಲಿ ಉಳಿಯುವುದಕ್ಕೆ ಭಕ್ತಿ ಒಂದು ಕಾರಣ, ನಿಜ. ಆದರೆ ಜಮೀನು, ದಾಖಲೆ, ಓಟು, ಸ್ಮಶಾನ, ಮತ್ತು ಹಿಂದೊಮ್ಮೆ ‘ಹದಿನೈದು ದಿನ ಹೋಗಿ ಬನ್ನಿ’ ಅಂತ ಕಳಿಸಿದ ಪಕ್ಕದೂರಿನವರು ಇವತ್ತಿಗೂ ವಾಪಸ್ ಬರಲಾಗದೇ ಇರುವುದು, ಇಷ್ಟೂ ಸೇರಿವೆ. ಒಂದೊಂದಾಗಿ ನೋಡೋಣ.

ಮೊದಲು ಮಾರೋನೈಟರು ಯಾರು ಅಂತ ಸ್ವಲ್ಪ ಹೇಳಿಬಿಡುತ್ತೇನೆ. ಐದನೇ ಶತಮಾನದ ಶುರುವಿನಲ್ಲಿ ತೀರಿಕೊಂಡ ಮಾರೋನ್ ಅನ್ನುವ ಸನ್ಯಾಸಿ ಉತ್ತರ ಸಿರಿಯಾದಲ್ಲಿದ್ದರು. ಅವರ ದಾರಿ ಹಿಡಿದವರು ಮುಂದೆ ಲೆಬನಾನಿನ ಬೆಟ್ಟಗಳಿಗೆ ಬಂದು ನೆಲೆಸಿದರು. ಇವರು ಕ್ಯಾಥೋಲಿಕರು, ಪೋಪರನ್ನು ಒಪ್ಪುತ್ತಾರೆ. ಆದರೆ ರೋಮಿನ ಲ್ಯಾಟಿನ್ ಪದ್ಧತಿ ಇವರದ್ದಲ್ಲ. ಪೂಜೆಯ ಕ್ರಮ ಬೇರೆ, ಪ್ರಾರ್ಥನೆಯ ಹಳೇ ಭಾಷೆ ಸಿರಿಯಾಕ್, ಸಭೆಯ ಮುಖ್ಯಸ್ಥರಾಗಿ ತಮ್ಮದೇ ಪೇಟ್ರಿಯಾರ್ಕ್ ಇದ್ದಾರೆ. ಈಗ ಪೂಜೆಯ ಬಹುಭಾಗ ಅರಬಿಯಲ್ಲಿ ನಡೆಯುತ್ತದೆ. ರೊಟ್ಟಿ ಮತ್ತು ದ್ರಾಕ್ಷಾರಸದ ಮೇಲೆ ಹೇಳುವ ಮುಖ್ಯ ಮಾತುಗಳನ್ನು ಮಾತ್ರ ಇವತ್ತಿಗೂ ಸಿರಿಯಾಕ್‌ನಲ್ಲೇ ಹಾಡುತ್ತಾರೆ. ಸಿರಿಯಾಕ್ ಪರಂಪರೆ ನಮಗೇನೂ ದೂರದ್ದಲ್ಲ. ಬೆಳ್ತಂಗಡಿ, ಭದ್ರಾವತಿ, ಮಂಡ್ಯದಲ್ಲಿ ಧರ್ಮಪ್ರಾಂತ್ಯಗಳಿರುವ ಸಿರೋ ಮಲಬಾರ್ ಸಭೆಯ ಬೇರು ಕೂಡ ಸಿರಿಯಾಕ್‌ನದ್ದೇ. ಶಾಖೆ ಮಾತ್ರ ಬೇರೆ, ಅವರದು ಪೂರ್ವದ್ದು, ಮಾರೋನೈಟರದ್ದು ಪಶ್ಚಿಮದ್ದು.

ಒಂದು ವಿಷಯದಲ್ಲಿ ಮಾತ್ರ ನಮ್ಮ ಕಡೆಯ ಕ್ರೈಸ್ತರಿಗೂ ಆಶ್ಚರ್ಯ ಆಗಬಹುದು. ಮಾರೋನೈಟ್ ಹಳ್ಳಿಯ ಪಾದ್ರಿಗೆ ಬಹಳ ಸಲ ಹೆಂಡತಿ ಮಕ್ಕಳು ಇರುತ್ತಾರೆ. ಮದುವೆಯಾದ ಗಂಡಸು ಪಾದ್ರಿ ಆಗಬಹುದು. ಪಾದ್ರಿ ಆದಮೇಲೆ ಮದುವೆ ಆಗುವಂತಿಲ್ಲ, ಹೆಂಡತಿ ತೀರಿಕೊಂಡರೂ ಇನ್ನೊಂದು ಮದುವೆ ಇಲ್ಲ, ಮತ್ತು ಬಿಷಪ್ ಆಗುವವರು ಮದುವೆಯಾಗದವರೇ ಆಗಿರಬೇಕು. ಊರಿನವರು ಪಾದ್ರಿಯನ್ನು ‘ಅಬೂನಾ’ ಅಂತ ಕರೆಯುತ್ತಾರೆ, ಅವರ ಹೆಂಡತಿಯನ್ನು ‘ಖೂರಿಯ್ಯೆ’ ಅಂತ. ಲೆಬನಾನಿನಲ್ಲಿ ಖೂರಿ ಅನ್ನುವ ಮನೆಹೆಸರು ಎಲ್ಲಿ ನೋಡಿದರೂ ಸಿಗುತ್ತದೆ, ಎಲ್ಲೋ ಹಿಂದಿನ ತಲೆಮಾರಿನಲ್ಲಿ ಒಬ್ಬ ಪಾದ್ರಿ ಇದ್ದ ಮನೆ ಅದು. 1943ರಲ್ಲಿ ಸ್ವತಂತ್ರ ಲೆಬನಾನಿನ ಮೊದಲ ಅಧ್ಯಕ್ಷರಾದ ಬಿಶಾರಾ ಅಲ್ ಖೂರಿ ಅವರ ಮನೆಹೆಸರೂ ಅದೇ.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಇಂಥ ಪಾದ್ರಿ ಹೊರಗಿನಿಂದ ವರ್ಗವಾಗಿ ಬಂದವರಲ್ಲ. ಎಷ್ಟೋ ಸಲ ಅದೇ ಊರಿನಲ್ಲಿ ಹುಟ್ಟಿದವರು. ಅವರಿಗೂ ನಾಲ್ಕು ಆಲಿವ್ ಮರ ಇರುತ್ತದೆ, ಅಣ್ಣತಮ್ಮಂದಿರ ಹೊಗೆಸೊಪ್ಪಿನ ಹೊಲ ಇರುತ್ತದೆ, ಮಕ್ಕಳು ಊರಿನ ಶಾಲೆಗೇ ಹೋಗುತ್ತಾರೆ. ಶೆಲ್ ಬೀಳುವಾಗ ‘ಉಳಿಯೋಣ’ ಅಂತ ಊರಿಗೆ ಹೇಳುವ ಮನುಷ್ಯ ತನ್ನ ಮಕ್ಕಳನ್ನೂ ಅಲ್ಲೇ ಇಟ್ಟುಕೊಂಡು ಹೇಳುತ್ತಿರುತ್ತಾರೆ. ಅಥವಾ ಮಕ್ಕಳನ್ನು ಬೇರೂತಿಗೆ ಕಳಿಸಿ ತಾನೊಬ್ಬರೇ ಉಳಿದಿರುತ್ತಾರೆ, ಆಗ ಊರಿನವರು ಅದನ್ನೂ ಗಮನಿಸುತ್ತಾರೆ. ಎರಡೂ ಸುಲಭವಲ್ಲ ಅಲ್ವಾ?

ಈಗ ದೇಶದ ವ್ಯವಸ್ಥೆಗೆ ಬರೋಣ. ಲೆಬನಾನಿನಲ್ಲಿ ಸರ್ಕಾರ ಗುರುತಿಸಿರುವ ಧಾರ್ಮಿಕ ಪಂಗಡಗಳು 18. ಅಧ್ಯಕ್ಷರು ಮಾರೋನೈಟ್, ಪ್ರಧಾನಿ ಸುನ್ನಿ, ಸಂಸತ್ತಿನ ಸ್ಪೀಕರ್ ಶಿಯಾ, ಇದು 1943ರಿಂದ ನಡೆದುಬಂದ ಒಪ್ಪಂದ. ಧರ್ಮವಾರು ಜನಗಣತಿ ಕೊನೆಯದಾಗಿ ನಡೆದದ್ದು 1932ರಲ್ಲಿ. ಮತ್ತೆ ಎಣಿಸಲು ಯಾರಿಗೂ ಧೈರ್ಯವಿಲ್ಲ, ಎಣಿಸಿದರೆ ಪಾಲು ಬದಲಾಗುತ್ತದೆ. ಮದುವೆ, ವಿಚ್ಛೇದನದಂಥ ಮನೆತನದ ವಿಚಾರಗಳು ಆಯಾ ಪಂಗಡದ ಕೈಯಲ್ಲಿವೆ. ನಮ್ಮಲ್ಲಿ ಇರುವಂತೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಮದುವೆಯಾಗುವ ಪದ್ಧತಿ ಅಲ್ಲಿಲ್ಲ. ಸಿವಿಲ್ ಮದುವೆ ಬೇಕಾದವರು ಸೈಪ್ರಸ್‌ಗೆ ಹೋಗಿ ಮಾಡಿಕೊಂಡು ಬರುತ್ತಾರೆ, ಆಮೇಲೆ ಸರ್ಕಾರ ಅದನ್ನು ಒಪ್ಪುತ್ತದೆ.

ಹಾಗಾಗಿ ಹಳ್ಳಿಯ ಪಾದ್ರಿ ಬರೆಯುವ ಪುಸ್ತಕಗಳಿಗೆ ತೂಕ ಜಾಸ್ತಿ. ಯಾರ ದೀಕ್ಷಾಸ್ನಾನ ಯಾವತ್ತು, ಯಾರು ಯಾರನ್ನು ಮದುವೆಯಾದರು, ಯಾರನ್ನು ಎಲ್ಲಿ ಹೂತರು, ಎಲ್ಲ ಅವರ ಕೈಬರಹದಲ್ಲಿ ಇರುತ್ತದೆ. ಚರ್ಚಿಗೆ ಸೇರಿದ ಜಮೀನು ಇರುತ್ತದೆ, ವಕ್ಫ್ ಅಂತಲೇ ಅದನ್ನು ಕ್ರೈಸ್ತರೂ ಕರೆಯುತ್ತಾರೆ, ಅದರ ಗುತ್ತಿಗೆ ಲೆಕ್ಕವೂ ಇವರ ಕಣ್ಣೆದುರಿಗೇ ನಡೆಯಬೇಕು. ನಮ್ಮ ಹಳೇ ಊರುಗಳಲ್ಲಿ ಶಾನುಭೋಗರು, ಅರ್ಚಕರು ಮತ್ತು ಜಗಳ ಬಿಡಿಸುವ ಊರ ಹಿರಿಯರು ಮೂವರೂ ಒಬ್ಬರೇ ಆಗಿದ್ದರೆ ಹೇಗಿರುತ್ತಿತ್ತೋ, ಹೆಚ್ಚುಕಮ್ಮಿ ಹಾಗೆ. ಜೊತೆಗೆ ಮುಖ್ತಾರ್ ಅಂತ ಸರ್ಕಾರಿ ಕಾಗದಪತ್ರಗಳಿಗೆ ಸಹಿ ಹಾಕುವವರು ಒಬ್ಬರು, ಪುರಸಭೆಯ ಅಧ್ಯಕ್ಷರು ಇನ್ನೊಬ್ಬರು. ಯುದ್ಧ ಬಂದಾಗ ಊರಿನ ಭಾರ ಈ ಮೂರು ಹೆಗಲ ಮೇಲೆ. ಚುನಾವಣೆಯ ಜಗಳ ಮುಟ್ಟದ ಹೆಗಲು ಪಾದ್ರಿಯದೊಂದೇ, ಹಾಗಾಗಿ ಕೊನೆಗೆ ಎಲ್ಲರೂ ಅಲ್ಲಿಗೇ ಬರುತ್ತಾರೆ.

ಓಟಿನ ಕಥೆಯೂ ಇದರ ಜೊತೆ ಸೇರಿಕೊಂಡಿದೆ. ಲೆಬನಾನಿನಲ್ಲಿ ನೀವು ವಾಸ ಇರುವ ಊರಿನಲ್ಲಿ ನಿಮ್ಮ ಓಟು ಇರುವುದಿಲ್ಲ, ನಿಮ್ಮ ಅಪ್ಪ ಅಜ್ಜನ ಹೆಸರು ಯಾವ ಹಳ್ಳಿಯ ದಾಖಲೆಯಲ್ಲಿದೆಯೋ ಅಲ್ಲಿ ಇರುತ್ತದೆ. ಮೂರು ತಲೆಮಾರಿನಿಂದ ಬೇರೂತಿನಲ್ಲಿ ಇರುವವರೂ ಓಟು ಹಾಕಲು ಹಳ್ಳಿಗೆ ಹೋಗುತ್ತಾರೆ. ಸತ್ತರೆ ಹೂಳುವುದೂ ಸಾಮಾನ್ಯವಾಗಿ ಅಲ್ಲೇ. ಅಂದರೆ ಹಳ್ಳಿಯಲ್ಲಿ ಚಳಿಗಾಲಕ್ಕೆ ಇರುವವರು ಸಾವಿರ ಜನ ಇದ್ದರೂ, ಆ ಹಳ್ಳಿ ತಮ್ಮದು ಅನ್ನುವವರು ಅದರ ಹಲವು ಪಟ್ಟು ಇರುತ್ತಾರೆ, ಬೇರೂತಿನಲ್ಲಿ, ಸಿಡ್ನಿಯಲ್ಲಿ, ಮಾಂಟ್ರಿಯಲ್‌ನಲ್ಲಿ, ಸಾವೋ ಪಾವ್ಲೋದಲ್ಲಿ. ಅವರೆಲ್ಲರ ಪರವಾಗಿ ಬಾಗಿಲು ತೆರೆದಿಡುವವರು ಅಲ್ಲಿ ಉಳಿದ ಒಂದಷ್ಟು ಜನ.

ಈಗ ಆ ಹದಿನೈದು ದಿನದ ಕಥೆ. ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಮುಖ್ಯ ಅನ್ನಿಸುವುದು ಇದೇ.

ಗಡಿಯ ಆಚೆ, ಈಗಿನ ಇಸ್ರೇಲಿನ ಮೇಲಿನ ಗಲಿಲೀ ಪ್ರದೇಶದಲ್ಲಿ ಕಫ್ರ್ ಬಿರಿಮ್ ಅಂತ ಒಂದು ಮಾರೋನೈಟ್ ಹಳ್ಳಿ ಇತ್ತು. 1948ರ ಅಕ್ಟೋಬರ್ ಕೊನೆಗೆ ಇಸ್ರೇಲಿ ಸೇನೆ ಅಲ್ಲಿಗೆ ಬಂತು. ಊರಿನವರು ಎದುರು ಹೋರಾಡಲಿಲ್ಲ. ನವೆಂಬರ್‌ನಲ್ಲಿ ಸೇನೆ ಅವರಿಗೆ ಸದ್ಯಕ್ಕೆ ಊರು ಬಿಡಿ, ಎರಡು ವಾರದಲ್ಲಿ ವಾಪಸ್ ಬರಬಹುದು ಅಂತ ಹೇಳಿತು. ಕೆಲವರು ಹತ್ತಿರದ ಜಿಶ್ ಊರಿಗೆ ಹೋದರು, ಕೆಲವರು ಗಡಿ ದಾಟಿ ರಮೈಶ್ ಕಡೆ ಬಂದರು. ಎರಡು ವಾರ ಕಳೆಯಿತು. ಬಿಡಲಿಲ್ಲ. ಕೋರ್ಟಿಗೆ ಹೋದರು. 1953ರ ಸೆಪ್ಟೆಂಬರ್ 16ರಂದು ವಿಮಾನಗಳು ಬಂದು ಊರಿನ ಮನೆಗಳನ್ನು ನೆಲಸಮ ಮಾಡಿದವು. ಊರಿನ ಜನ ಜಿಶ್‌ನ ಒಂದು ಗುಡ್ಡದ ಮೇಲೆ ನಿಂತು ತಮ್ಮ ಮನೆಗಳು ಬೀಳುವುದನ್ನು ನೋಡಿದರು. ಆ ಗುಡ್ಡವನ್ನು ಇವತ್ತಿಗೂ ಬಿರಿಮ್‌ನವರು ‘ಅಳುವಿನ ಗುಡ್ಡ’ ಅಂತಲೇ ಕರೆಯುತ್ತಾರೆ.

ಚರ್ಚು ಮಾತ್ರ ಉಳಿಯಿತು. ಗಂಟೆಗೋಪುರ ಇರುವ ಸಣ್ಣ ಕಲ್ಲಿನ ಚರ್ಚು. ಸುತ್ತಲಿನ ಜಾಗ ಈಗ ಒಂದು ರಾಷ್ಟ್ರೀಯ ಉದ್ಯಾನದ ಭಾಗ, ಪುರಾತನ ಯಹೂದಿ ಪ್ರಾರ್ಥನಾಲಯದ ಅವಶೇಷ ನೋಡಲು ಜನ ಟಿಕೆಟ್ ಕೊಂಡು ಬರುತ್ತಾರೆ. ಬಿರಿಮ್‌ನವರ ಮಕ್ಕಳು ಮೊಮ್ಮಕ್ಕಳು ಈಸ್ಟರ್‌ಗೆ, ಮದುವೆಗೆ, ದೀಕ್ಷಾಸ್ನಾನಕ್ಕೆ ಈ ಚರ್ಚಿಗೇ ಬರುತ್ತಾರೆ, ಸತ್ತವರನ್ನು ಊರಿನ ಸ್ಮಶಾನಕ್ಕೆ ತರುತ್ತಾರೆ. ಸತ್ತ ಮೇಲೆ ಊರಿಗೆ ಮರಳಬಹುದು, ಬದುಕಿದ್ದಾಗ ಒಂದು ರಾತ್ರಿ ಮಲಗುವಂತಿಲ್ಲ. ಪಾದ್ರಿ ಇಲ್ಲದೇ ಹೋಗಿದ್ದರೆ, ಆ ದಾಖಲೆ ಪುಸ್ತಕ ಮತ್ತು ಆ ಪೂಜೆ ನಡೆಯದೇ ಹೋಗಿದ್ದರೆ, ಬಿರಿಮ್ ಅನ್ನುವ ಊರು ಯಾರ ಬಾಯಲ್ಲೂ ಇರುತ್ತಿರಲಿಲ್ಲ.

ಈಗ ರಮೈಶ್‌ನ ಪಾದ್ರಿಯ ಜಾಗದಲ್ಲಿ ನಿಂತು ನೋಡಿ. ಫೋನಿಗೆ ಇಸ್ರೇಲಿ ಸೇನೆಯಿಂದ ಒಂದು ನಕ್ಷೆ ಬರುತ್ತದೆ, ‘ನಿಮ್ಮ ಸುರಕ್ಷತೆಗಾಗಿ ಉತ್ತರಕ್ಕೆ ಹೋಗಿ’ ಅಂತ. ಊರಿನ ಎಷ್ಟೋ ಮನೆಗಳಲ್ಲಿ ಬಿರಿಮ್ ಮೂಲದ ಅಜ್ಜಿ ತಾತ ಇದ್ದರು. ‘ಸದ್ಯಕ್ಕೆ’ ಅನ್ನುವ ಮಾತನ್ನು ಅವರು ಯಾವ ಕಿವಿಯಿಂದ ಕೇಳುತ್ತಾರೆ ಅನ್ನುವುದು ಇದರಿಂದ ಅರ್ಥವಾಗುತ್ತದೆ.

ಇನ್ನೂ ಹಿಂದಿನ ಪಾಠವೂ ಒಂದಿದೆ, ಅದು ಹಸಿವಿನದ್ದು. ಮೊದಲ ಮಹಾಯುದ್ಧದ ಹೊತ್ತಿಗೆ ಮೌಂಟ್ ಲೆಬನಾನಿನ ಬೆಟ್ಟಗಳ ತುಂಬ ಹಿಪ್ಪುನೇರಳೆ ಬೆಳೆದಿದ್ದರು, ರೇಷ್ಮೆ ಮಾರಿ ಗೋಧಿ ಕೊಳ್ಳುತ್ತಿದ್ದರು. 1915ರ ವಸಂತದಲ್ಲಿ ಮಿಡತೆ ಬಂತು. ಬ್ರಿಟನ್ ಮತ್ತು ಫ್ರಾನ್ಸ್ ಸಮುದ್ರದ ದಾರಿ ಮುಚ್ಚಿದವು, ರೇಷ್ಮೆ ಹೊರಗೆ ಹೋಗಲಿಲ್ಲ, ಅಮೆರಿಕಕ್ಕೆ ಹೋದ ಮಕ್ಕಳು ಕಳಿಸುವ ಹಣ ಒಳಗೆ ಬರಲಿಲ್ಲ. ಒಟ್ಟೋಮನ್ ಸೇನೆ ಧಾನ್ಯ ಮತ್ತು ಹೊರೆ ಹೊರುವ ಪ್ರಾಣಿಗಳನ್ನು ಎತ್ತಿಕೊಂಡಿತು, ಬೆಟ್ಟಕ್ಕೆ ಗೋಧಿ ಬಿಡಲಿಲ್ಲ. ವರ್ತಕರು ಇದ್ದದ್ದನ್ನೂ ಬಚ್ಚಿಟ್ಟರು. 1918ರ ಹೊತ್ತಿಗೆ ಸತ್ತವರು ಸುಮಾರು 2 ಲಕ್ಷ ಅನ್ನುವ ಅಂದಾಜಿದೆ, ಬೆಟ್ಟದ ಜನಸಂಖ್ಯೆಯ ಮೂರನೇ ಒಂದು ಭಾಗಕ್ಕೂ ಹೆಚ್ಚು. ಹಳ್ಳಿ ಪಾದ್ರಿಯ ಕೆಲಸ ಆಗ ಎರಡೇ, ಯಾರ ಮನೆಯಲ್ಲಿ ಒಲೆ ಉರಿದಿಲ್ಲ ಅಂತ ಪಟ್ಟಿ ಮಾಡುವುದು ಮತ್ತು ಹೂಳುವುದು. ಸನ್ಯಾಸಿಗಳ ದೊಡ್ಡ ಸಂಘವಾದ ಲೆಬನೀಸ್ ಮಾರೋನೈಟ್ ಆರ್ಡರ್ ತನ್ನ ಜಮೀನುಗಳನ್ನೇ ಅಡ ಇಟ್ಟು ಫ್ರೆಂಚರಿಂದ ಸಾಲ ಪಡೆಯಿತು. ಆ ಹಣ ಸಿರಿಯಾ ತೀರದ ಅರ್ವಾದ್ ದ್ವೀಪದಿಂದ ಕಳ್ಳದಾರಿಯಲ್ಲಿ ಬೆಟ್ಟಕ್ಕೆ ಬರಬೇಕಿತ್ತು, ಸಿಕ್ಕಿಬಿದ್ದರೆ ನೇಣು. ಫ್ರಾನ್ಸಿನ ಜೊತೆ ಪತ್ರ ವ್ಯವಹಾರ ಮಾಡಿದ ಆರೋಪದ ಮೇಲೆ ಯೂಸುಫ್ ಅಲ್ ಹಾಯೆಕ್ ಅನ್ನುವ ಮಾರೋನೈಟ್ ಪಾದ್ರಿಯನ್ನು 1915ರ ಮಾರ್ಚ್‌ನಲ್ಲೇ ಡಮಾಸ್ಕಸ್‌ನಲ್ಲಿ ನೇಣಿಗೆ ಹಾಕಿದ್ದರು.

ಇವತ್ತಿನ ಲೆಬನಾನಿನ ನಕ್ಷೆಯಲ್ಲಿ ಬೆಟ್ಟದ ಜೊತೆ ಬೆಕಾ ಕಣಿವೆಯ ಗೋಧಿ ಹೊಲಗಳೂ ಇರುವುದಕ್ಕೆ ಈ ಬರವೇ ಒಂದು ಕಾರಣ. ಪೇಟ್ರಿಯಾರ್ಕ್ ಇಲ್ಯಾಸ್ ಹುವಾಯೆಕ್ 1919ರಲ್ಲಿ ಪ್ಯಾರಿಸ್ ಶಾಂತಿ ಸಮ್ಮೇಳನಕ್ಕೆ ಹೋಗಿ ಕೇಳಿದ್ದು ಅದನ್ನೇ, ಬರೀ ಬೆಟ್ಟ ಕೊಟ್ಟರೆ ನಮ್ಮ ಜನ ಮತ್ತೆ ಹಸಿದು ಸಾಯುತ್ತಾರೆ ಅಂತ. 1920ರ ಸೆಪ್ಟೆಂಬರ್ 1ರಂದು ಗ್ರೇಟರ್ ಲೆಬನಾನ್ ಘೋಷಣೆಯಾಯಿತು. ಅದಕ್ಕೆ ನಾಲ್ಕು ತಿಂಗಳ ಹಿಂದೆ, ಮೇ 5ರಂದು, ಸಶಸ್ತ್ರ ಗುಂಪುಗಳು ಗಡಿಯ ಐನ್ ಎಬೆಲ್ ಮೇಲೆ ದಾಳಿ ಮಾಡಿ ಹತ್ತಾರು ಜನರನ್ನು ಕೊಂದಿದ್ದರು. ಆ ಊರಿನವರು ಆ ತಾರೀಖನ್ನು ಮರೆತಿಲ್ಲ.

ಗಡಿ ಊರುಗಳ ಪಾಡು ಆಮೇಲೂ ಸುಧಾರಿಸಲಿಲ್ಲ. 1975ರಲ್ಲಿ ಅಂತರ್ಯುದ್ಧ ಶುರುವಾದಾಗ ಇವು ಬೇರೂತಿನಿಂದ ಕತ್ತರಿಸಿಹೋದವು. ಒಂದು ಕಡೆ ಪ್ಯಾಲೆಸ್ಟೀನಿ ಸಶಸ್ತ್ರ ಸಂಘಟನೆಗಳು, ಇನ್ನೊಂದು ಕಡೆ ಇಸ್ರೇಲ್. ಮೆಟುಲಾ ಬಳಿ ಬೇಲಿಯ ಗೇಟು ತೆರೆಯಿತು, ಜನ ಔಷಧಿಗೆ, ಕೂಲಿಗೆ ಆಚೆ ಹೋಗತೊಡಗಿದರು. ಇಸ್ರೇಲಿನ ಬೆಂಬಲದ ದಕ್ಷಿಣ ಲೆಬನಾನ್ ಸೇನೆಯಲ್ಲಿ ಊರಿನ ಹುಡುಗರು ಸೇರಿದರು, ಕೆಲವರು ಮನಸ್ಸಿನಿಂದ, ಎಷ್ಟೋ ಜನ ಬೇರೆ ದಾರಿ ಇಲ್ಲದೆ. ಅದರಲ್ಲಿ ಶಿಯಾ ಮತ್ತು ದ್ರೂಜ್ ಪಂಗಡದ ಹುಡುಗರೂ ಇದ್ದರು ಅನ್ನುವುದನ್ನು ಜನ ಮರೆಯುತ್ತಾರೆ. 2000ದ ಮೇ ತಿಂಗಳಲ್ಲಿ ಇಸ್ರೇಲ್ ಇದ್ದಕ್ಕಿದ್ದಂತೆ ಹೊರಟುಹೋಯಿತು. ಆ ಸೇನೆಯವರೂ ಅವರ ಮನೆಮಂದಿಯೂ ಸೇರಿ ಸಾವಿರಾರು ಜನ ಒಂದೆರಡು ದಿನದಲ್ಲಿ ಗಡಿ ದಾಟಿದರು. ಪಾದ್ರಿ ಮುಂದೆ ಆಗ ಬಂದ ಪ್ರಶ್ನೆ ಬಹಳ ಕಷ್ಟದ್ದು: ಓಡಿಹೋದವನ ತಾಯಿ ಇಲ್ಲೇ ಇದ್ದಾಳೆ, ಅವಳನ್ನು ನೋಡಿಕೊಳ್ಳುವವರು ಯಾರು? ಅವಳು ಸತ್ತರೆ ಮಗನಿಗೆ ಹೇಳುವುದು ಹೇಗೆ? ಯಾಕೆಂದರೆ ಲೆಬನಾನಿನ ಕಾನೂನಿನಲ್ಲಿ ಇಸ್ರೇಲಿನ ಜೊತೆ ಸಂಪರ್ಕವೇ ಅಪರಾಧ.

ಇದು ಸುಮ್ನೆ ಹೇಳುವ ಮಾತಲ್ಲ. 2022ರ ಜುಲೈನಲ್ಲಿ ಹೈಫಾ ಮತ್ತು ಪವಿತ್ರ ನಾಡಿನ ಮಾರೋನೈಟ್ ಆರ್ಚ್‌ಬಿಷಪ್ ಮೂಸಾ ಅಲ್ ಹಾಜ್ ಅವರನ್ನು ನಾಕೂರಾ ಗಡಿಯಲ್ಲಿ ತಡೆದರು. ಗಂಟೆಗಟ್ಟಲೆ ವಿಚಾರಣೆ ಮಾಡಿದರು. ಅವರ ಬಳಿ ಸುಮಾರು 4 ಲಕ್ಷ 60 ಸಾವಿರ ಡಾಲರ್ ಮತ್ತು ಔಷಧಿಯ ಪೆಟ್ಟಿಗೆಗಳಿದ್ದವು. ಆಚೆ ಇರುವವರು ಈಚೆಯ ಬಡ ಬಂಧುಗಳಿಗೆ ಕಳಿಸಿದ್ದು ಅಂತ ಚರ್ಚು ಹೇಳಿತು, ಶತ್ರು ದೇಶದಿಂದ ಬಂದ ಹಣ ಅಂತ ಅಧಿಕಾರಿಗಳು ಹೇಳಿದರು, ಎಲ್ಲವನ್ನೂ ವಶಪಡಿಸಿಕೊಂಡರು. ಆ ಹೊತ್ತಿಗೆ ಲೆಬನಾನಿನ ಬ್ಯಾಂಕುಗಳು ಮುಳುಗಿ ಮೂರು ವರ್ಷ ಆಗಿತ್ತು, ಜನರ ಠೇವಣಿ ಒಳಗೇ ಸಿಕ್ಕಿಕೊಂಡಿತ್ತು, ಮಧುಮೇಹದ ಮಾತ್ರೆಯೂ ಸಿಗುತ್ತಿರಲಿಲ್ಲ. ನಾನಂತೂ ಇದರಲ್ಲಿ ಔಷಧಿ ಕಾಯುತ್ತಿದ್ದ ಮುದುಕರ ಕಡೆ.

ಪಕ್ಕದೂರಿನ ಮುಸ್ಲಿಮರ ಜೊತೆಗಿನ ಸಂಬಂಧವನ್ನು ಬರೀ ಭಯದ ಕಥೆಯಾಗಿ ಓದಿದರೆ ತಪ್ಪಾಗುತ್ತದೆ. 2006ರ ಜುಲೈ 12ರಿಂದ ಆಗಸ್ಟ್ 14ರವರೆಗೆ ಇಸ್ರೇಲ್ ಮತ್ತು ಲೆಬನಾನಿನ ಶಿಯಾ ಸಶಸ್ತ್ರ ಸಂಘಟನೆಯಾದ ಹಿಜ್ಬುಲ್ಲಾ ನಡುವೆ ನಡೆದ ಯುದ್ಧದಲ್ಲಿ ಬಿಂತ್ ಜ್ಬೈಲ್, ಐತಾ ಅಲ್ ಶಾಬ್‌ನಂಥ ಶಿಯಾ ಊರುಗಳ ಮೇಲೆ ಬಾಂಬು ಸುರಿಯಿತು. ಜನ ರಮೈಶ್‌ಗೆ ನಡೆದುಕೊಂಡೇ ಬಂದರು. ಊರಿನಲ್ಲಿದ್ದವರಿಗಿಂತ ಬಂದವರೇ ಜಾಸ್ತಿಯಾದರು. ಮನೆಗಳು ತುಂಬಿದವು, ಶಾಲೆ ತುಂಬಿತು, ಚರ್ಚು ತುಂಬಿತು. ಹಿಟ್ಟು ಮುಗಿಯಿತು, ಡೀಸೆಲ್ ಮುಗಿದು ಪಂಪು ನಿಂತಿತು, ಕೊನೆಗೆ ಜನ ಊರಿನ ಕೆರೆಯ ನಿಂತ ನೀರನ್ನೇ ಕುಡಿದರು. ಪಾದ್ರಿಗಳ ಫೋನು ಆ ದಿನಗಳಲ್ಲಿ ಪ್ರಾರ್ಥನೆಗಿಂತ ಹಾಲಿನ ಪುಡಿಗೆ, ಆಂಬುಲೆನ್ಸಿಗೆ, ಒಂದೆರಡು ಗಂಟೆ ದಾಳಿ ನಿಲ್ಲಿಸಿ ದಾರಿ ಬಿಡಿ ಅಂತ ಕೇಳುವುದಕ್ಕೆ ಓಡಾಡಿತು. ಯಾವ ಧರ್ಮದವರು ಅಂತ ಆಗ ಯಾರೂ ಕೇಳಲಿಲ್ಲ.

2023ರ ಅಕ್ಟೋಬರ್ 8ರಂದು ಮತ್ತೆ ಶುರುವಾದದ್ದು ಬೇರೆ ಬಗೆಯದ್ದು. ಅದು ಆಲಿವ್ ಕೀಳುವ ಕಾಲ. ತೋಟಕ್ಕೆ ಹೋದರೆ ಮೇಲೆ ಡ್ರೋನ್, ಹೋಗದಿದ್ದರೆ ವರ್ಷದ ಎಣ್ಣೆ ಇಲ್ಲ. ಈ ಊರುಗಳ ಇನ್ನೊಂದು ಆಧಾರ ಹೊಗೆಸೊಪ್ಪು. ಬೇಸಿಗೆಯಲ್ಲಿ ಬೆಳಗಿನ ಜಾವ ಎದ್ದು ಎಲೆ ಕೀಳುತ್ತಾರೆ, ಆಮೇಲೆ ಮನೆಯ ಮುಂದೆ ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರೂ ಸುತ್ತ ಕೂತು ಉದ್ದನೆಯ ಚಪ್ಪಟೆ ಸೂಜಿಗೆ ಒಂದೊಂದೇ ಎಲೆ ಪೋಣಿಸಿ, ದಾರಕ್ಕೆ ಜಾರಿಸಿ, ಒಣಗಲು ನೇತುಹಾಕುತ್ತಾರೆ. ಬೆರಳು ಅಂಟಂಟಾಗಿ ಕಪ್ಪಾಗುತ್ತದೆ. ಸರ್ಕಾರದ ಹೊಗೆಸೊಪ್ಪು ಸಂಸ್ಥೆ ‘ರೆಜಿ’ ಅದನ್ನು ಕೊಳ್ಳುತ್ತದೆ, ಆ ಹಣದಲ್ಲಿ ಶಾಲೆ ಫೀಸು, ಚಳಿಗಾಲದ ಡೀಸೆಲ್. ಒಂದು ಹಂಗಾಮು ತಪ್ಪಿದರೆ ಕುಟುಂಬ ಬೇರೂತಿಗೆ ಹೋಗುತ್ತದೆ. ಹೋದವರ ಮಕ್ಕಳು ಅಲ್ಲಿ ಶಾಲೆಗೆ ಸೇರುತ್ತಾರೆ. ಶಾಲೆಗೆ ಸೇರಿದ ಮೇಲೆ ವಾಪಸ್ ಬರುವುದಿಲ್ಲ. ಹಾಗಾಗಿ ಪಾದ್ರಿ ಶಾಲೆ ನಡೆಯಲೇಬೇಕು ಅಂತ ಹಟ ಹಿಡಿಯುವುದು, ಪಾಠ ಅರ್ಧ ದಿನವಾದರೂ ಸರಿ ಅನ್ನುವುದು. ಹೊರಗಿನಿಂದ ನೋಡಿದರೆ ಮಕ್ಕಳನ್ನು ಅಪಾಯದಲ್ಲಿ ಇಟ್ಟಂತೆ ಕಾಣುತ್ತದೆ. ಅದು ನಿಜವಾದ ಅಪಾಯವೂ ಹೌದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಶಾಲೆ ಮುಚ್ಚಿದ ಊರು ಮುಂದಿನ ವರ್ಷ ಇರುವುದಿಲ್ಲ ಅನ್ನುವುದು ಅವರ ಲೆಕ್ಕ.

2024ರ ಮಾರ್ಚ್‌ನಲ್ಲಿ ರಮೈಶ್‌ನಲ್ಲಿ ಚರ್ಚಿನ ಗಂಟೆ ಹೊತ್ತಲ್ಲದ ಹೊತ್ತಿನಲ್ಲಿ ಬಡಿಯಿತು. ಹಿಜ್ಬುಲ್ಲಾ ಕಡೆಯವರು ಊರಿನ ಮನೆಗಳ ಪಕ್ಕದಿಂದ ರಾಕೆಟ್ ಹಾರಿಸಲು ಬಂದಿದ್ದಾರೆ ಅಂತ ಜನ ಬೀದಿಗೆ ಬಂದು ತಡೆದರು. ರಾಕೆಟ್ ಹಾರಿದ ಜಾಗಕ್ಕೆ ಕೆಲವೇ ನಿಮಿಷದಲ್ಲಿ ಆಚೆಯಿಂದ ಶೆಲ್ ಬರುತ್ತದೆ, ಅದು ಅಲ್ಲಿಯ ಸಣ್ಣ ಮಗುವಿಗೂ ಗೊತ್ತು. ಅಂಥ ಹೊತ್ತಿನಲ್ಲಿ ಪಾದ್ರಿಯ ಕೆಲಸ ಎಷ್ಟು ಸೂಕ್ಷ್ಮ ನೋಡಿ. ಜನರ ಜೊತೆ ನಿಲ್ಲಬೇಕು, ಆದರೆ ಒಬ್ಬ ಹುಡುಗನೂ ಕೈ ಎತ್ತಬಾರದು. ಬಂದವರು ನಾಳೆಯೂ ಪಕ್ಕದೂರಿನವರೇ, 2006ರಲ್ಲಿ ಇದೇ ಮನೆಗಳಲ್ಲಿ ಮಲಗಿದವರ ಬಂಧುಗಳೇ ಇರಬಹುದು.

ಆಶ್ರಯ ಕೊಡುವುದೂ ಈ ಸಲ ಹಿಂದಿನಷ್ಟು ಸರಳವಾಗಿ ಉಳಿಯಲಿಲ್ಲ. 2024ರ ಅಕ್ಟೋಬರ್ 14ರಂದು ಗಡಿಯಿಂದ ಬಹಳ ದೂರ, ಉತ್ತರದ ಐತೂ ಅನ್ನುವ ಮಾರೋನೈಟ್ ಹಳ್ಳಿಯಲ್ಲಿ, ದಕ್ಷಿಣದಿಂದ ಬಂದ ಕುಟುಂಬಗಳು ಬಾಡಿಗೆಗೆ ಇದ್ದ ಮನೆಯ ಮೇಲೆ ಇಸ್ರೇಲಿ ದಾಳಿ ಆಯಿತು, 20ಕ್ಕೂ ಹೆಚ್ಚು ಜನ ಸತ್ತರು. ಅದಕ್ಕೆ ಕೆಲವೇ ದಿನ ಮೊದಲು ಟೈರ್ ಬಳಿಯ ದೆರ್ದ್‌ಗಾಯಾದಲ್ಲಿ ಜನ ಆಶ್ರಯ ಪಡೆದಿದ್ದ, ಮೆಲ್ಕೈಟ್ ಅನ್ನುವ ಇನ್ನೊಂದು ಕ್ಯಾಥೋಲಿಕ್ ಪಂಗಡದ ಚರ್ಚಿನ ಮೇಲೂ ದಾಳಿ ಆಗಿತ್ತು. ಅಂದಮೇಲೆ ಮನೆ ಬಾಗಿಲಿಗೆ ಹಾಸಿಗೆ ಸುತ್ತಿಕೊಂಡು ಬಂದ ಕುಟುಂಬದಲ್ಲಿ ಯಾರನ್ನಾದರೂ ಡ್ರೋನ್ ಹುಡುಕುತ್ತಿದೆಯಾ ಅನ್ನುವ ಸಂಶಯ ಊರಿನವರಿಗೆ ಬಂದೇ ಬರುತ್ತದೆ. ಆ ಸಂಶಯವನ್ನು ಬೈದು ಬಾಯಿ ಮುಚ್ಚಿಸಲು ಆಗುವುದಿಲ್ಲ, ಹಾಗಂತ ಬಾಗಿಲು ಮುಚ್ಚಲೂ ಆಗುವುದಿಲ್ಲ. ಹಳ್ಳಿ ಹಳ್ಳಿಯ ಪಾದ್ರಿ ಮುಖ್ತಾರ್ ಜೊತೆ ಕೂತು, ಯಾರ ಮನೆಗೆ ಯಾರು ಬಂದಿದ್ದಾರೆ, ಹೆಂಗಸರು ಮಕ್ಕಳು ಎಷ್ಟು ಅಂತ ಕೇಳಿ, ಒಪ್ಪಿಸಿ, ಜಾಗ ಮಾಡಬೇಕಾಯಿತು.

ಅದೇ ಅಕ್ಟೋಬರ್ 1ರಂದು ಐನ್ ಎಬೆಲ್‌ಗೂ ಊರು ಬಿಡಿ ಅಂತ ಇಸ್ರೇಲಿ ಸೇನೆಯ ಆದೇಶ ಬಂತು. ಜನ ಮೊದಲು ರಮೈಶ್‌ಗೆ ಹೋದರು, ಅಲ್ಲಿಂದ ಬಹಳಷ್ಟು ಜನ ಲೆಬನಾನ್ ಸೇನೆಯ ಬೆಂಗಾವಲಿನಲ್ಲಿ ಬೇರೂತಿನ ಕಡೆ ಹೊರಟರು. ರಮೈಶ್ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ, ಉಳಿಯಿತು. ಉಳಿದವರಿಗೆ ರಸ್ತೆ ಬಂದ್. ವ್ಯಾಟಿಕನ್ ರಾಯಭಾರಿ ಪಾವ್ಲೋ ಬೋರ್ಜಿಯಾ ಅವರು ನೆರವಿನ ಲಾರಿಗಳ ಜೊತೆ ಗಡಿ ಊರುಗಳಿಗೆ ಹೋಗಿ ಬರುತ್ತಿದ್ದರು. ಇಂಥ ಲಾರಿ ಹೊರಡಲು ಎಷ್ಟು ಜನ ‘ಸರಿ’ ಅನ್ನಬೇಕು ಗೊತ್ತಾ? ಲೆಬನಾನ್ ಸೇನೆ, ವಿಶ್ವಸಂಸ್ಥೆಯ ಪಡೆ, ಅವರ ಮೂಲಕ ಇಸ್ರೇಲ್. ಹಳ್ಳಿಯಿಂದ ಪಟ್ಟಿ ಕೊಡುವವರು ಪಾದ್ರಿ ಮತ್ತು ಪುರಸಭೆಯವರು: ಡಯಾಲಿಸಿಸ್‌ಗೆ ಹೋಗಬೇಕಾದವರು, ತಿಂಗಳು ತುಂಬಿದ ಹೆಂಗಸರು, ಇನ್ಸುಲಿನ್ ಎಷ್ಟು, ಬೇಬಿ ಹಾಲು ಎಷ್ಟು. ನವೆಂಬರ್ 27ರಂದು ಕದನವಿರಾಮ ಆಯಿತು, ಐನ್ ಎಬೆಲ್‌ನವರು ಬೇಗನೇ ವಾಪಸ್ ಬರತೊಡಗಿದರು. ಬಿರಿಮ್‌ನ ಭಯ ಗೊತ್ತಿದ್ದವರು ತಡಮಾಡುವುದಿಲ್ಲ.

ಇಷ್ಟರ ನಡುವೆ ಪೂಜೆ ನಡೆಯುತ್ತಲೇ ಇರುತ್ತದೆ. ಮಾರೋನೈಟ್ ಪೂಜೆಯಲ್ಲಿ ಶಾಂತಿ ಹಂಚುವ ಕ್ರಮ ನನಗೆ ಬಹಳ ಇಷ್ಟ. ಪಾದ್ರಿ ಮೊದಲು ಬಲಿಪೀಠವನ್ನು ಮುಟ್ಟುತ್ತಾರೆ, ಆಮೇಲೆ ಪಕ್ಕದವರ ಜೋಡಿಸಿದ ಕೈಗಳನ್ನು ತಮ್ಮ ಎರಡೂ ಕೈಯಿಂದ ಸವರುತ್ತಾರೆ, ಅವರು ಮುಂದಿನವರಿಗೆ, ಅವರು ಹಿಂದಿನ ಸಾಲಿಗೆ, ಹೀಗೆ ಕೈಯಿಂದ ಕೈಗೆ ಕೊನೆಯ ಬೆಂಚಿನವರೆಗೆ ಹೋಗುತ್ತದೆ. ಜಮೀನಿನ ಗಡಿಗೆ ಜಗಳವಾಡಿ ಮಾತು ಬಿಟ್ಟವರು ಅಕ್ಕಪಕ್ಕ ಕೂತಿದ್ದರೂ ಕೈ ಕೊಡಲೇಬೇಕು. ದೂರದಲ್ಲಿ ಶೆಲ್ ಸದ್ದು ಕೇಳುತ್ತಿರುವಾಗ, ಯಾರು ಇವತ್ತು ಬಂದಿದ್ದಾರೆ, ಯಾರು ಬಂದಿಲ್ಲ ಅಂತ ಪಾದ್ರಿಗೆ ಗೊತ್ತಾಗುವುದೂ ಈ ಹೊತ್ತಿನಲ್ಲೇ. ಬರದವರ ಮನೆಗೆ ಪೂಜೆ ಮುಗಿದ ತಕ್ಷಣ ಹೋಗುತ್ತಾರೆ.

ಚರ್ಚಿನವರೆಲ್ಲ ಯುದ್ಧದಲ್ಲಿ ಹೀಗೇ ಇದ್ದರು ಅಂತ ನಾನು ಹೇಳುತ್ತಿಲ್ಲ. ಅಂತರ್ಯುದ್ಧದಲ್ಲಿ ಲೆಬನೀಸ್ ಮಾರೋನೈಟ್ ಆರ್ಡರ್‌ನ ಮುಖ್ಯಸ್ಥರಾಗಿದ್ದ ಶರ್ಬೆಲ್ ಕಸ್ಸಿಸ್ ಅವರು ಕ್ರೈಸ್ತ ಮಿಲಿಶಿಯಾಗಳ ರಾಜಕೀಯ ಕೂಟವಾದ ಲೆಬನೀಸ್ ಫ್ರಂಟ್‌ನಲ್ಲೇ ಕೂತಿದ್ದರು. ಹಸಿವಿನ ಕಾಲದಲ್ಲಿ ಜಮೀನು ಅಡ ಇಟ್ಟದ್ದು ಇದೇ ಆರ್ಡರ್, ಬಂದೂಕಿನವರ ಜೊತೆ ನಿಂತದ್ದೂ ಇದೇ. ಹಳ್ಳಿಯ ಪಾದ್ರಿಗಳು ಅದರ ಬೆಲೆ ತೆತ್ತರು. 1983ರಲ್ಲಿ ದ್ರೂಜ್ ಮತ್ತು ಕ್ರೈಸ್ತ ಮಿಲಿಶಿಯಾಗಳ ನಡುವೆ ನಡೆದ ಶೂಫ್ ಬೆಟ್ಟದ ಯುದ್ಧದಲ್ಲಿ ಕ್ರೈಸ್ತ ಹಳ್ಳಿಗಳು ಖಾಲಿಯಾಗಿ ಸಾವಿರಾರು ಜನ ದೈರ್ ಅಲ್ ಕಮರ್ ಊರಿನೊಳಗೆ ಮುತ್ತಿಗೆಗೆ ಸಿಕ್ಕಿಬಿದ್ದರು. ಆ ಹಳ್ಳಿಗಳಿಗೆ ಮರಳಲು ಹತ್ತಾರು ವರ್ಷ ಹಿಡಿಯಿತು. 2001ರ ಆಗಸ್ಟ್‌ನಲ್ಲಿ ಪೇಟ್ರಿಯಾರ್ಕ್ ನಸ್ರಲ್ಲಾ ಸ್ಫೈರ್ ಅವರು ದ್ರೂಜ್ ನಾಯಕ ವಲೀದ್ ಜುಂಬ್ಲಾತ್ ಅವರ ಊರಾದ ಮುಖ್ತಾರಾಕ್ಕೆ ಹೋಗಿ ಕೈ ಕುಲುಕಿದ ಮೇಲೆ ಮಾತು ಸ್ವಲ್ಪ ಸಲೀಸಾಯಿತು.

ಈಗಿನ ಪೇಟ್ರಿಯಾರ್ಕ್ ಬಿಶಾರಾ ಅಲ್ ರಾಯಿ ಅವರು 2020ರಿಂದ ಲೆಬನಾನ್ ಯಾರ ಯುದ್ಧಕ್ಕೂ ಸೇರದೆ ತಟಸ್ಥವಾಗಿರಲಿ ಅಂತ ಹೇಳುತ್ತಾ ಬಂದಿದ್ದಾರೆ. ಬೇರೂತಿನ ಉತ್ತರಕ್ಕೆ, ಜೂನಿಯೆ ಮೇಲಿನ ಬೆಟ್ಟದಲ್ಲಿರುವ ಪೇಟ್ರಿಯಾರ್ಕರ ಪೀಠ ಬ್ಕಿರ್ಕೆಯಲ್ಲಿ ಆ ಮಾತು ಹೇಳುವುದಕ್ಕೂ ಹಿಜ್ಬುಲ್ಲಾ ಹುಡುಗರು ದಿನಾ ಹಾದುಹೋಗುವ ರಸ್ತೆಯ ಪಕ್ಕದ ಚರ್ಚಿನಲ್ಲಿ ಅದನ್ನೇ ಹೇಳುವುದಕ್ಕೂ ಬಹಳ ವ್ಯತ್ಯಾಸ ಇದೆ. ಹಳ್ಳಿ ಪಾದ್ರಿ ತಟಸ್ಥ ಅನ್ನುವ ಮಾತನ್ನು ಭಾಷಣದಲ್ಲಿ ಹೇಳುವುದೇ ಕಡಿಮೆ. ಊರೊಳಗೆ ಬಂದೂಕು ಬೇಡ, ಯಾರದ್ದೂ ಬೇಡ ಅಂತ ಎಲ್ಲರಿಗೂ ಒಂದೇ ಮಾತು ಹೇಳುತ್ತಾರೆ, ಹೇಳಿದ್ದಕ್ಕೆ ಎರಡೂ ಕಡೆಯ ಬೈಗುಳ ತಿನ್ನುತ್ತಾರೆ.

ಕೊನೆಯದಾಗಿ ನಮಗೆ ಹತ್ತಿರದ ಒಂದು ವಿಷಯ. ವಿಶ್ವಸಂಸ್ಥೆಯ ಯುನಿಫಿಲ್ ಪಡೆ 1978ರಿಂದ ದಕ್ಷಿಣ ಲೆಬನಾನಿನಲ್ಲಿದೆ. ಅದರಲ್ಲಿ ಭಾರತದ ಬೆಟಾಲಿಯನ್ 1998ರಿಂದ ಇದೆ, ಮರ್ಜಯೂನ್ ಹತ್ತಿರದ ಇಬಿಲ್ ಅಲ್ ಸಾಕಿಯಲ್ಲಿ, ಕ್ಲೈಯಾದ ನೆರೆಯಲ್ಲಿ. ಅಲ್ಲಿಯ ರೈತರಿಗೆ ಭಾರತದ ಸೈನಿಕರು ಅಂದ ತಕ್ಷಣ ನೆನಪಾಗುವುದು ಹಸು ಆಡುಗಳಿಗೆ ಚಿಕಿತ್ಸೆ ಕೊಡುವ ಪಶುವೈದ್ಯರು. ಗುಂಡಿನ ಚಕಮಕಿ ನಡೆಯುವಾಗ ಹೊಲಕ್ಕೆ ಹೋಗಿ ಬರಲು, ಶವ ತರಲು, ರೋಗಿಯನ್ನು ಸಾಗಿಸಲು ಎರಡೂ ಕಡೆ ಫೋನ್ ಮಾಡಿ ಸಮಯ ಗೊತ್ತು ಮಾಡುತ್ತಿದ್ದದ್ದು ಯುನಿಫಿಲ್‌ನ ಸಂಪರ್ಕ ಅಧಿಕಾರಿಗಳೇ. 2025ರ ಆಗಸ್ಟ್‌ನಲ್ಲಿ ಭದ್ರತಾ ಮಂಡಳಿ ಈ ಪಡೆಯ ಅವಧಿಯನ್ನು 2026ರ ಡಿಸೆಂಬರ್ 31ಕ್ಕೆ ಮುಗಿಸಲು ತೀರ್ಮಾನಿಸಿತು, ಆಮೇಲೆ ಒಂದು ವರ್ಷದೊಳಗೆ ಅವರು ಹೊರಡಬೇಕು. ಅವರು ಹೋದ ಮೇಲೆ ರಮೈಶ್‌ನ ಪಾದ್ರಿ ಆಂಬುಲೆನ್ಸಿಗೆ ದಾರಿ ಬಿಡಿಸಿ ಅಂತ ಯಾರಿಗೆ ಫೋನ್ ಮಾಡಬೇಕು ಅನ್ನುವುದಕ್ಕೆ ಬೇರೂತಿನ ಸರ್ಕಾರ ಉತ್ತರ ಕೊಡಬೇಕಾಗಿದೆ. ಗಡಿ ಊರುಗಳಿಗೆ ಸೇನೆ ಬರಲಿ, ಬಂದು ಉಳಿಯಲಿ ಅಂತ ಅಲ್ಲಿಯ ಪಾದ್ರಿಗಳು ವರ್ಷಗಳಿಂದ ಕೇಳುತ್ತಿರುವುದೂ ಇದಕ್ಕೇ.